ಭಾವ ಬರೆದ ಕೊನೆಯ ದೆವ್ವ

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ, ದೆಹಲಿಯ ಪುಸ್ತಕ ಮೇಳವೊಂದರಲ್ಲಿ, ನಮ್ಮ ಭಾವ ಒಂದು ದೆವ್ವವನ್ನು ನೋಡಿ ಅತ್ತರು.

ಹೆದರಿ ಅತ್ತದ್ದಲ್ಲ. ದೆವ್ವಗಳಿಗೂ ಅವರಿಗೂ ಹಳೆಯ ಸ್ನೇಹ. ಇಲ್ಲಿನ ಹಿಂದಿ ಕಾಮಿಕ್ಸ್‌ಗಳಿಗೆ ಇಪ್ಪತ್ತೈದು ವರ್ಷ ದೆವ್ವದ ಚಿತ್ರ ಬರೆದುಕೊಟ್ಟವರು ಅವರು. ಅಂದು ಅವರನ್ನು ಅಳಿಸಿದ ದೆವ್ವದ ಕೆಳಗೂ ಅವರದೇ ಹೆಸರಿತ್ತು. ಹಾಗಾದರೆ ಅತ್ತದ್ದೇಕೆ?

ಹೇಳುತ್ತೇನೆ. ಭಾವನ ಅನುಮತಿ ಕೇಳಿಯೇ ಬರೆಯುತ್ತಿದ್ದೇನೆ. "ಬರಿ. ಕೈ ನಡುಗುತ್ತೆ ಅಂತಲೇ ಬರಿ. 'ಅನಾರೋಗ್ಯದ ನಿಮಿತ್ತ' ಅಂತೆಲ್ಲ ಬರೀಬೇಡ" ಎಂದಿದ್ದಾರೆ.

ಭಾವ ಅಂದರೆ ನಮ್ಮ ಅಕ್ಕನ ಗಂಡ ಶ್ರೀಪಾದ. ಚಿತ್ರದುರ್ಗದ ಕಡೆಯವರು. ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿ ದೆಹಲಿಗೆ ಬಂದರು. ಹಗಲು ಆಫೀಸಿನಲ್ಲಿ ಚರಂಡಿ, ಸೇತುವೆ, ನೀರಿನ ಟ್ಯಾಂಕುಗಳ ನಕ್ಷೆ. ಸಂಜೆ ಆರ್.ಕೆ.ಪುರಂ ಕ್ವಾರ್ಟರ್ಸಿನ ಅಡುಗೆಮನೆ ಮೇಜಿನ ಮೇಲೆ ದೆವ್ವ.

ಅವರ ದೆವ್ವಗಳ ಗುಟ್ಟು ಮನೆಯವರಿಗೆ ಗೊತ್ತು. ಎಲ್ಲವೂ ಪರಿಚಯದವರೇ. ಟೂರಿನ ಬಿಲ್ ತಡೆಹಿಡಿದ ಸೆಕ್ಷನ್ ಆಫೀಸರು ರಕ್ತ ಹೀರುವವನಾಗಿ ಬಂದಿದ್ದರು. (ಆ ಪುಣ್ಯಾತ್ಮರು ಮಕ್ಕಳಿಗೆ ಅದೇ ಕಾಮಿಕ್ ಕೊಂಡುಹೋದರಂತೆ. ಗುರುತು ಸಿಗಲಿಲ್ಲ.) ನಾನು ಮದುವೆಗೆ ಮುಂಚೆ ಅಕ್ಕನ ಮನೆಯಲ್ಲಿದ್ದು ಓದುತ್ತಿದ್ದಾಗ ಒಂದು ಪಿಶಾಚಿಗೆ ನನ್ನ ಜಡೆ ಕೊಟ್ಟಿದ್ದರು. ಕಾಲೇಜಿನ ಗೆಳತಿಯರಿಗೆ ತೋರಿಸಿಕೊಂಡು ತಿರುಗಿದ್ದೆ.

ಆ ಕಾಲದಲ್ಲಿ ತಿಂಗಳಿಗೊಂದು ಸೆಟ್ ಕಾಮಿಕ್ಸ್ ಬರುತ್ತಿತ್ತು. ಗಲ್ಲಿ ಅಂಗಡಿಗಳಲ್ಲಿ ಹಗ್ಗಕ್ಕೆ ನೇತುಹಾಕಿ ಬಾಡಿಗೆಗೆ ಕೊಡುತ್ತಿದ್ದರು. ಬೇಸಿಗೆ ರಜೆಯಲ್ಲಿ ಮೆಟ್ಟಿಲ ಮೇಲೆ, ಛಾವಣಿಯ ಮೇಲೆ, ಕೂಲರ್ ಎದುರು, ಎಲ್ಲಿ ನೋಡಿದರೂ ಮಕ್ಕಳ ಮುಖಕ್ಕೆ ಅಡ್ಡವಾಗಿ ಕಾಮಿಕ್ಸ್. ಆಮೇಲೆ ಕೇಬಲ್ ಟಿವಿ ಬಂತು, ದಿನವಿಡೀ ಕಾರ್ಟೂನ್ ಬಂತು, ಕಂಪ್ಯೂಟರ್ ಗೇಮ್ ಬಂತು. ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯವರು ಮೊಬೈಲ್ ರೀಚಾರ್ಜ್ ಕೂಪನ್ ಮಾರತೊಡಗಿದರು. ಹಗ್ಗ ಅದೇ, ಅದಕ್ಕೆ ಈಗ ಶ್ಯಾಂಪೂ ಪೊಟ್ಟಣ.

ಪ್ರಕಾಶಕರು ಮೊದಲು ಕೈಬಿಟ್ಟದ್ದು ದೆವ್ವಗಳನ್ನು. ಭಾವ ರಿಟೈರ್ ಆದರು. ದೆಹಲಿಯಾಚೆ ಇಂದಿರಾಪುರಂನಲ್ಲಿ ಫ್ಲ್ಯಾಟ್ ಕೊಂಡು ಹೋದರು. ಬಾಲ್ಕನಿಯಲ್ಲಿ ಕೂತರೆ ಎದುರಿಗೆ ಇನ್ನೊಂದು ಟವರ್, ಅದರಾಚೆ ಮತ್ತೊಂದು, ಕ್ರೇನು, ಧೂಳು. "ದೆವ್ವ ಇರೋಕೂ ಒಂದು ಹಳೇ ಗೋಡೆ ಇಲ್ಲ ಇಲ್ಲಿ" ಎನ್ನುತ್ತಿದ್ದರು.

ಕಳೆದ ವರ್ಷದ ಚಳಿಗಾಲದಲ್ಲಿ ಬಲಗೈ ನಡುಗಲು ಶುರುವಾಯಿತು. ಮೊದಲು ಟೀ ಕಪ್ಪು ತಟ್ಟೆಗೆ ತಗುಲಿ ಸದ್ದಾಗುತ್ತಿತ್ತು. ಆಮೇಲೆ ಅಂಗಿಯ ಗುಂಡಿ. ಆಮೇಲೆ ಸಹಿ. ಡಾಕ್ಟರು ಪಾರ್ಕಿನ್ಸನ್ ಎಂದರು. ನಿಧಾನವಾಗಿ ಹೆಚ್ಚುತ್ತದೆ, ಔಷಧದಿಂದ ಹಿಡಿತದಲ್ಲಿಡಬಹುದು, ವಾಸಿಯಾಗುವುದಿಲ್ಲ ಎಂದರು. ಭಾವ ಎಲ್ಲವನ್ನೂ ಕೇಳಿಸಿಕೊಂಡು ಹೊರಗೆ ಬಂದು, "ಚಲೋ, ಹೋಗೋಣ, ಹಸಿವಾಗಿದೆ" ಎಂದರಂತೆ. ಅಷ್ಟೇ. ಆ ಕಾಯಿಲೆಯ ಬಗ್ಗೆ ಆಗ ಅವರು ಬೇರೆ ಮಾತಾಡಿದ್ದನ್ನು ನಾನಂತೂ ಕೇಳಲಿಲ್ಲ.

ಆಗಲೇ ಬಂತು ನೋಡಿ ಆ ಫೋನು.

ಪ್ರಕಾಶಕರ ಕಚೇರಿಯ ಸಂಪಾದಕ, ಸಕ್ಸೇನಾ ಎಂದಿಟ್ಟುಕೊಳ್ಳಿ, ಹಳೆಯ ಮನುಷ್ಯ. ಹೊಸ ಮಾಲೀಕರಿಗೆ ಉತ್ಸಾಹ ಬಂದಿದೆ, ಮೂರು ಹೊಸ ಕಾಮಿಕ್ಸ್ ಒಟ್ಟಿಗೆ ತರುತ್ತಿದ್ದೇವೆ ಎಂದ. ಒಂದು ಸೂಪರ್ ಹೀರೋ, ಒಂದು ಸೈನ್ಸ್ ಫಿಕ್ಷನ್, ಒಂದು ಹಾರರ್. ಒಳ್ಳೆಯ ಕಾಗದ, ಕಂಪ್ಯೂಟರ್ ಬಣ್ಣ. ಸೂಪರ್ ಹೀರೋ ಫ್ಲೈಓವರ್‌ಗಳ ಮೇಲೆ ಹಾರುತ್ತಾನೆ. ಸೈನ್ಸ್ ಫಿಕ್ಷನ್ ಚಂದ್ರನ ಮೇಲೆ ನಡೆಯುತ್ತದೆ. (ಅಲ್ಲೂ ನೀರಿನ ಟ್ಯಾಂಕರ್‌ಗೆ ಕ್ಯೂ ಇದೆಯಂತೆ. ಬರೆದವನು ನಮ್ಮ ಕಡೆಯ ಕಾಲೋನಿಯವನೇ ಇರಬೇಕು.) ಹಾರರ್ ಮಾತ್ರ ನೀವೇ ಬರೆಯಬೇಕು ಶ್ರೀಪಾದ್‌ಜಿ, ಇದು ಓಡಿದರೆ ಮತ್ತೆ ದೆವ್ವದ ಸೀರೀಸ್ ಶುರು ಎಂದ.

ಭಾವ ಒಪ್ಪಿಕೊಂಡರು. ಕೈಯ ಸುದ್ದಿ ಹೇಳಲಿಲ್ಲ.

ಕಥೆ ಚಿಕ್ಕದು. ಒಂದು ಊರಿನ ಮೆಟ್ಟಿಲ ಬಾವಿ ಒಣಗಿದೆ. ಅದರ ತಳದಲ್ಲಿ ಒಬ್ಬ ಮುದುಕಿ ಕೂತಿದ್ದಾಳೆ. ಕೆಳಗಿಳಿದು ಬಂದವರನ್ನು "ನನ್ನ ಗುರುತು ಸಿಕ್ತಾ?" ಎಂದು ಕೇಳುತ್ತಾಳೆ. ಇಲ್ಲ ಅಂದವರು ಮೇಲಕ್ಕೆ ಬರುವುದಿಲ್ಲ.

ಭಾವ ಬೆಳಗ್ಗೆ ಎದ್ದು ಮೇಜಿಗೆ ಕೂತರೆ ಮಧ್ಯಾಹ್ನದ ತನಕ ಏಳುತ್ತಿರಲಿಲ್ಲ. ಮೊದಲೆಲ್ಲ ಪೆನ್ಸಿಲ್ ಚಿತ್ರವೂ ಅವರದೇ, ಅದರ ಮೇಲೆ ತಿದ್ದುವ ಇಂಕೂ ಅವರದೇ. ಈ ಸಲ ಪೆನ್ಸಿಲ್ ಮಾತ್ರ ನನ್ನದು, ಇಂಕನ್ನು ನಿಮ್ಮ ಆಫೀಸಿನವರೇ ಹಾಕಲಿ ಎಂದು ಸಕ್ಸೇನಾಗೆ ಹೇಳಿದ್ದರು. ಪುಟಗಳು ಸಿದ್ಧವಾದಂತೆ ಚೈತ್ರಾ ಕೈಯಲ್ಲಿ ಕಳಿಸುತ್ತಿದ್ದರು.

ಚೈತ್ರಾ ಅವರ ಮಗಳು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತು ಅರ್ಧದಲ್ಲಿ ಹಿಂದಿಗೆ ಹೊರಳುತ್ತದೆ; ಅಪ್ಪ ಅವಳಿಗೆ ಪಾಪಾ. ನೋಯ್ಡಾದ ಒಂದು ಆನಿಮೇಷನ್ ಸ್ಟುಡಿಯೋದಲ್ಲಿ ಕೆಲಸ. ಕ್ಲೀನ್-ಅಪ್ ಅನ್ನುತ್ತಾರೆ. ಅಂದರೆ, ಬೇರೆಯವರು ಬರೆದ ಒರಟು ಗೆರೆಗಳನ್ನು ನೇರ ಮಾಡಿ, ಅಚ್ಚುಕಟ್ಟಾಗಿ, ಒಂದೇ ಕೈ ಬರೆದ ಹಾಗೆ ಕಾಣುವಂತೆ ಮಾಡುವುದು. ಕೆನಡಾದ ಕರಡಿ, ಫ್ರಾನ್ಸಿನ ಬಾತುಕೋಳಿ, ಯಾರ ಗೆರೆಯನ್ನು ಬೇಕಾದರೂ ಅವಳು ತರಬಲ್ಲಳು.

ಮೊದಲ ಕಂತಿನ ಪುಟಗಳನ್ನು ಅವಳು ತೆರೆದು ನೋಡಿದ್ದು ಅಕ್ಕನ ಎದುರಿಗೆ. ಅಕ್ಕ ಅವತ್ತೇ ನನಗೆ ಫೋನ್ ಮಾಡಿದಳು.

"ಗೆರೆಯೆಲ್ಲ ಅಲುಗಾಡಿಬಿಟ್ಟಿದೆ ಕಣೇ. ಇದನ್ನು ಹೀಗೇ ಕೊಟ್ಟರೆ ಆಫೀಸಿನಲ್ಲಿ ಏನಂತಾರೆ? ಇಷ್ಟು ವರ್ಷದ ಮರ್ಯಾದೆ."

"ಭಾವನಿಗೆ ಹೇಳು."

"ಹೇಗೆ ಹೇಳಲಿ? ಎಷ್ಟು ದಿನದ ಮೇಲೆ ಖುಷಿಯಾಗಿದಾರೆ. ಸ್ನಾನ ಮಾಡುವಾಗ ಹಾಡ್ತಾರೆ. ನಾನು ಹೇಳಲ್ಲ."

ಉಪಾಯವೂ ಅವಳದೇ. ಚೈತ್ರಾ ಪುಟಗಳನ್ನು ಆರ್.ಕೆ.ಪುರಂನಲ್ಲೇ ಇರುವ ನನ್ನ ಮನೆಗೆ ತರುವುದು. ಅಪ್ಪನ ಹಳೆಯ ಕೈಯಲ್ಲಿ, ಆ ಗಟ್ಟಿ ಗೆರೆಯಲ್ಲಿ, ಪೆನ್ಸಿಲಿನ ಮೇಲೆಯೇ ಇಂಕು ಹಾಕುವುದು. ಒಣಗಿದ ಮೇಲೆ ಪೆನ್ಸಿಲ್ ಅಳಿಸುವುದು. ಪಾಪಾನೇ ಇಂಕು ಹಾಕಿಬಿಟ್ಟರು ಎಂದು ಆಫೀಸಿಗೆ ಕೊಡುವುದು. ಭಾವನಿಗೆ ತಿಳಿಯಬೇಕಾಗಿಲ್ಲ.

ನಾನು ಬೇಡ ಅನ್ನಲಿಲ್ಲ. ನೀವಾಗಿದ್ದರೆ ಅನ್ನುತ್ತಿದ್ದಿರಾ?

ಹೀಗೆ ನಮ್ಮ ಊಟದ ಮೇಜು ಶನಿವಾರಗಳಂದು ಸ್ಟುಡಿಯೋ ಆಯಿತು. ಚೈತ್ರಾ ಪೇಪರ್ ಹಾಸಿ, ನಾಲಿಗೆಯ ತುದಿ ಕಚ್ಚಿಕೊಂಡು ಕೂರುತ್ತಿದ್ದಳು. ಅದು ಅವಳಪ್ಪನ ಅಭ್ಯಾಸ. ಅಪ್ಪನ ಹಳೆಯ ಕಾಮಿಕ್ಸ್ ಪಕ್ಕದಲ್ಲಿ ತೆರೆದಿಟ್ಟುಕೊಂಡು ಅದೇ ರಭಸ, ಅದೇ ತಿರುವು.

"ಚಿಕ್ಕಮ್ಮಾ, ದೇಖೋ. ಪಾಪಾದೇ ಅನ್ನಿಸುತ್ತಾ?"

"ಅವರದೇ ಅನ್ನಿಸುತ್ತೆ."

ನಿಜವಾಗಿಯೂ ಅನ್ನಿಸುತ್ತಿತ್ತು.

ಅವಳು ಇಂಕು ಹಾಕುವ ಮೊದಲು ಒಂದು ಪುಟವನ್ನು ನಾನು ಕೈಗೆ ತೆಗೆದುಕೊಂಡು ನೋಡಿದ್ದೆ. ಮುದುಕಿ ಬಾವಿಯ ತಳದಿಂದ ಮೇಲಕ್ಕೆ ಮುಖ ಎತ್ತುವ ಚಿತ್ರ. ಕಣ್ಣಿನ ಸುತ್ತ, ಬಾಯಿಯ ಸುತ್ತ, ಗೆರೆ ಒಂದೆಡೆ ನಿಂತಿರಲಿಲ್ಲ. ಮುಖ ನೀರಿನಲ್ಲಿರುವ ಹಾಗೆ, ಚಳಿಯಲ್ಲಿರುವ ಹಾಗೆ. ಇದೆ ಅನ್ನುವಷ್ಟರಲ್ಲಿ ಇಲ್ಲ. ನನ್ನ ಕತ್ತಿನ ಹಿಂದೆ ಏನೋ ಹರಿದಂತಾಯಿತು. ಪಾಪ, ಭಾವನ ಕೈಗೆ ಎಂಥ ಗತಿ ಬಂತು ಎಂದುಕೊಂಡು ಕೆಳಗಿಟ್ಟೆ.

ಅವಳು ಕೆಲಸ ಮುಗಿಸಿ ಎದ್ದ ಮೇಲೆ ಮೇಜು ಒರೆಸುವುದು ನನ್ನ ಪಾಲು. ರಬ್ಬರಿನ ಕಪ್ಪು ಪುಡಿಯನ್ನೆಲ್ಲ ಅಂಗೈಗೆ ಗುಡಿಸಿ ಡಸ್ಟ್‌ಬಿನ್‌ಗೆ ಹಾಕುತ್ತಿದ್ದೆ.

ಒಂದು ಶನಿವಾರ ಅವಳು, "ಪಾಪಾ ಇವತ್ತು ಒಂದು ಮಾತು ಹೇಳಿದರು. 'ಇಂಕು ಹಾಕೋರಿಗೆ ಹೇಳು, ಗೆರೆ ಹಾಗೇ ಇರಬೇಕು' ಅಂತ" ಎಂದಳು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಗೆರೆ ಯಾವಾಗಿನ ಹಾಗೇ ಇರಬೇಕು ಎಂದು ಆಸೆ ಪಡುತ್ತಿದ್ದಾರೆ ಎಂದು ತಿಳಿದೆವು. ತಮ್ಮ ಕೈ ಹೀಗಾಗಿದೆಯೆಂಬುದೇ ಅವರಿಗೆ ಕಾಣುತ್ತಿಲ್ಲ ಎಂದು ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಇನ್ನೂ ಶ್ರದ್ಧೆಯಿಂದ ಬರೆದಳು.

ಅವರೇ ಬಿಡಿಸಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಭಾವನ ಸ್ವಭಾವ ಅದಲ್ಲ. ಅಚ್ಚಾಗಿ ಬರುವ ತನಕ ಚಿತ್ರದ ಬಗ್ಗೆ ಯಾರ ಹತ್ತಿರವೂ ಮಾತಾಡಿದವರಲ್ಲ. ಮಾತಾಡಿದರೆ ಚಿತ್ರ ಸಡಿಲವಾಗುತ್ತದೆ ಎಂದು ಅವರ ನಂಬಿಕೆ.

ಅಂತೂ ಪುಸ್ತಕ ಮೇಳದಲ್ಲಿ ಮೂರು ಕಾಮಿಕ್ಸ್ ಬಿಡುಗಡೆ ಎಂದು ಸಕ್ಸೇನಾ ತಿಳಿಸಿದ. ಕಲಾವಿದರು ಬರಬೇಕು, ಓದುಗರಿಗೆ ಸಹಿ ಹಾಕಿಕೊಡಬೇಕು, ಕೇಳಿದರೆ ಸಣ್ಣದೊಂದು ಚಿತ್ರವನ್ನೂ ಬರೆದುಕೊಡಬೇಕು. ಚಿತ್ರದ ಮಾತು ಕೇಳಿದ್ದೇ ತಡ, ಅಕ್ಕ, ಜ್ವರ ಅಂತ ಹೇಳಿ ಹೋಗದಿದ್ದರಾಯಿತು ಎಂದಳು. ಭಾವ ಆಗಲೇ ಕೋಟು ಇಸ್ತ್ರಿಗೆ ಕೊಟ್ಟಿದ್ದರು.

ಅಕ್ಕ ಬರಲಿಲ್ಲ. ಚೈತ್ರಾ ಮತ್ತು ನಾನು ಭಾವನನ್ನು ನಡುವೆ ಕೂರಿಸಿಕೊಂಡು ಟ್ಯಾಕ್ಸಿಯಲ್ಲಿ ಹೋದೆವು. ಭಾವ ಕಿಟಕಿಯಾಚೆ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಬಲಗೈಯನ್ನು ಎಡಗೈ ಮುಚ್ಚಿಕೊಂಡಿತ್ತು.

ಸ್ಟಾಲಿನ ಮುಂದೆ ಅಂಥ ಜನವಿರಲಿಲ್ಲ. ಇದ್ದವರೂ ಮಕ್ಕಳಲ್ಲ. ಟೈ ಕಟ್ಟಿದವರು, ಹೊಟ್ಟೆ ಬಂದವರು, ಕಂಕುಳಲ್ಲಿ ಮಗು ಇದ್ದವರು. ಒಂದು ಕಾಲದಲ್ಲಿ ಛಾವಣಿ ಮೇಲೆ ಕೂತು ಓದಿದ ಹುಡುಗರೇ ಇವರು. ಕೈಯಲ್ಲಿ ಹಳೆಯ, ಬೈಂಡು ಹರಿದ ಕಾಮಿಕ್ಸ್. "ನಿಮ್ಮಿಂದಾಗಿ ನಾನು ವರ್ಷಗಟ್ಟಲೆ ಕತ್ತಲಲ್ಲಿ ಬಾತ್‌ರೂಮಿಗೆ ಹೋಗಲಿಲ್ಲ ಸರ್" ಎಂದು ಹಿಂದಿಯಲ್ಲಿ ಒಬ್ಬರು ಹೇಳಿದರು. ಭಾವ ನಾಚಿಕೊಂಡು ನಕ್ಕರು.

ಸಕ್ಸೇನಾ ಕಟ್ಟು ಬಿಚ್ಚಿ ಮೊದಲ ಪ್ರತಿಯನ್ನು ಅವರ ಕೈಗಿತ್ತ. ನುಣುಪು ಕಾಗದ, ಇಂಕಿನ ವಾಸನೆ. ಭಾವ ಕುರ್ಚಿಯಲ್ಲಿ ಕೂತು ತೆರೆದರು. ಒಂದು ಪುಟ. ಇನ್ನೊಂದು. ಮತ್ತೆ ಹಿಂದಿನದು. ಬಾವಿಯ ತಳದ ಆ ಮುಖಕ್ಕೆ ಬಂದಾಗ ಬೆರಳು ನಿಂತಿತು. ಬೆರಳು ನಿಲ್ಲಲಿಲ್ಲ, ಬೆರಳು ನಡುಗುತ್ತಲೇ ಇತ್ತು. ಪುಟ ತಿರುವುವುದು ನಿಂತಿತು.

ಕಣ್ಣಿಂದ ನೀರು ಇಳಿಯಿತು.

ಚೈತ್ರಾ ನನ್ನ ಕೈ ಅದುಮಿದಳು. ಎಷ್ಟು ವರ್ಷಗಳ ಮೇಲೆ ಅವರ ಪುಸ್ತಕ ಬಂತು. ಸಂತೋಷಕ್ಕೆ ಅಳುತ್ತಿದ್ದಾರೆ ಎಂದುಕೊಂಡೆವು. ನಾವು ಮಾಡಿದ್ದು ಸಾರ್ಥಕವಾಯಿತು ಎಂದುಕೊಂಡೆವು.

ಅಷ್ಟರಲ್ಲಿ ಒಬ್ಬ ಓದುಗ ಬಿಳಿ ಹಾಳೆ ಮುಂದಿಟ್ಟ. ಮೂವತ್ತು ದಾಟಿದ ಮನುಷ್ಯ, ಬ್ಯಾಂಕಿನಲ್ಲಿ ಕೆಲಸವಂತೆ. ಹೊಸ ಪುಸ್ತಕದ ಆ ಮುದುಕಿಯನ್ನೇ ಬರೆದುಕೊಡಿ ಎಂದು ಕೇಳಿಕೊಂಡ. ಚೈತ್ರಾ ಮುಂದೆ ಬಂದು, "ಪಾಪಾ ಕೀ ತಬಿಯತ್..." ಎಂದು ಆರೋಗ್ಯದ ಮಾತೆತ್ತುವುದರೊಳಗೆ ಭಾವ ಪೆನ್ಸಿಲ್ ಎತ್ತಿಕೊಂಡಾಗಿತ್ತು.

ಅವರಿಗೆ ಮುಜುಗರವೇ ಇರಲಿಲ್ಲ. ಎಲ್ಲರ ಎದುರಿಗೆ, ನಡುಗುವ ಕೈಯಲ್ಲಿ, ನಿಧಾನವಾಗಿ ಬರೆದರು. ಹಣೆ, ಕೆನ್ನೆ, ಕಣ್ಣಿನ ಗುಳಿ. ಗೆರೆ ಹೊರಟ ಕಡೆ ಹೋಗಲು ಬಿಟ್ಟು, ಅದು ಎಲ್ಲಿಗೆ ಹೋಯಿತೋ ಅಲ್ಲಿಂದ ಮುಂದಕ್ಕೆ. ಮುಗಿಸಿ ಹಾಳೆಯನ್ನು ಅವನ ಕಡೆ ತಿರುಗಿಸಿದರು.

ಆ ಮನುಷ್ಯ ಹಾಳೆ ನೋಡಿದ. ಪಕ್ಕದಲ್ಲಿ ತೆರೆದಿದ್ದ ಪುಸ್ತಕ ನೋಡಿದ. ಒಳ್ಳೆಯವನು. ದನಿ ತಗ್ಗಿಸಿ ಕೇಳಿದ.

"ಸರ್, ಹಾಥ್ ಮೇ ದರ್ದ್ ಹೈ ಕ್ಯಾ? ಪೆಹಲೇ ಬತಾ ದೇತೇ. ಮೈಂ ತಕಲೀಫ್ ನಹೀಂ ದೇತಾ."

ಕೈ ನೋಯುತ್ತಿದೆಯೇ, ಮೊದಲೇ ಹೇಳಿದ್ದರೆ ತೊಂದರೆ ಕೊಡುತ್ತಿರಲಿಲ್ಲ. ಇಷ್ಟೇ ಮಾತು. ಹಾಳೆಯನ್ನು ಮಡಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು, ಭಾವನಿಗೆ ಕೈ ಮುಗಿದು ಹೋದ. ಅದನ್ನು ಇಟ್ಟುಕೊಂಡಿದ್ದಾನೋ, ಮನೆಗೆ ಹೋಗಿ ಎಸೆದನೋ.

ಭಾವ ಪೆನ್ಸಿಲ್ ಕೆಳಗಿಟ್ಟರು. "ಅಚ್ಛಾ, ಚಲೋ" ಎಂದರು. ಸಕ್ಸೇನಾ ಫೋಟೋಗೆ ಕರೆದರೂ ನಿಲ್ಲಲಿಲ್ಲ.

ಮನೆಗೆ ಬಂದು, ಅಕ್ಕ ಕೊಟ್ಟ ಟೀ ಕುಡಿಯದೆ, ಪುಸ್ತಕವನ್ನು ಮೇಜಿನ ಮೇಲಿಟ್ಟು ಭಾವ ಕೇಳಿದರು. "ಯಾರು ಬರೆದದ್ದು?"

ಚೈತ್ರಾ ಮುಚ್ಚಿಡಲಿಲ್ಲ. "ನಾನು, ಪಾಪಾ. ಇಂಕು."

"ಪೆನ್ಸಿಲ್ ಪುಟಗಳು?"

"ಅದರ ಮೇಲೇ ಹಾಕಿದೆ."

"ಅಳಿಸಿದೆಯಾ?"

ಅವಳು ಹೌದೆಂದು ತಲೆ ಆಡಿಸಿದಳು. ಭಾವ ಪುಸ್ತಕದಲ್ಲಿ ಆ ಮುಖದ ಪುಟವನ್ನು ಮತ್ತೆ ತೆರೆದರು. ಬೈದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತಿತ್ತು.

"ತುಂಬಾ ಚೆನ್ನಾಗಿ ಬರೆದಿದೀಯ" ಎಂದರು ಕೊನೆಗೆ. "ನಲವತ್ತರಲ್ಲಿ ನಾನು ಹೀಗೇ ಬರೀತಿದ್ದೆ. ಗಟ್ಟಿ ಗೆರೆ. ಇಷ್ಟು ವರ್ಷ ನಾನು ದೆವ್ವ ಬರೆದದ್ದು ಹೆದರಿಕೆ ಗೊತ್ತಿಲ್ಲದವನ ಹಾಗೆ. ಓದೋರು ಹೆದರಿದರು, ನಾನು ಹೆದರಲಿಲ್ಲ. ಈ ಸಲ ಹೆದರಿದವನು ಬರೆದಿದ್ದೆ. ಕೈ ಎಲ್ಲಿಗೆ ಹೋಗುತ್ತೋ ನನಗೇ ಗೊತ್ತಿರಲಿಲ್ಲ. ಮೊದಲ ದಿನ ಆ ಮುಖ ಬಂದಾಗ ನನಗೇ ಮೇಜು ಬಿಟ್ಟು ಎದ್ದು ಹೋಗೋಣ ಅನ್ನಿಸ್ತು. ಅಷ್ಟು ಚೆನ್ನಾಗಿ ಬಂದಿತ್ತು."

"ಪಾಪಾ, ಆಪ್ ಬೋಲ್ ದೇತೇ."

"ಹೇಳಿದ್ದೆನಲ್ಲಮ್ಮ. ಗೆರೆ ಹಾಗೇ ಇರಬೇಕು ಅಂತ."

"ನಾನು ಪೆಹಲೇ ಜೈಸಾ ಅಂದ್ಕೊಂಡೆ. ಮೊದಲಿನ ಹಾಗೆ ಅಂತ."

"ಇದ್ದ ಹಾಗೇ ಅಂತ ನಾನಂದದ್ದು."

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನನಗೆ ನಮ್ಮ ಊಟದ ಮೇಜು ನೆನಪಾಯಿತು. ಕತ್ತಿನ ಹಿಂದೆ ಹರಿದದ್ದು ನೆನಪಾಯಿತು. ಅವತ್ತು ನನಗೆ ಆದದ್ದು ಭಯ. ಒಂದು ಒಳ್ಳೆಯ ದೆವ್ವದ ಚಿತ್ರ ನೋಡಿದರೆ ಆಗಬೇಕಾದದ್ದೇ ಆಗಿತ್ತು. ನಾನು ಅದನ್ನು ಕರುಣೆ ಎಂದು ತಿಳಿದೆ. ಕಾಯಿಲೆಯವರು ಬರೆದದ್ದು ಎಂದು ಮೊದಲೇ ಗೊತ್ತಿದ್ದರೆ ಚಿತ್ರ ಕಾಣುವುದೇ ಇಲ್ಲ, ಕಾಯಿಲೆಯೊಂದೇ ಕಾಣುತ್ತದೆ.

ಮುಂದೆ ಏನಾಯಿತು ಎಂದರೆ, ಪುಸ್ತಕ ಓಡಿತು. ಸಕ್ಸೇನಾ ಫೋನ್ ಮಾಡಿ, ಮೂರರಲ್ಲಿ ಜನ ಹುಡುಕಿಕೊಂಡು ಬಂದು ಕೇಳುತ್ತಿರುವುದು ದೆವ್ವವನ್ನೇ, "ಶ್ರೀಪಾದ್‌ಜಿ, ಆಪ್ ಕಾ ಪುರಾನಾ ಹಾಥ್ ಲೌಟ್ ಆಯಾ" ಎಂದ. ನಿಮ್ಮ ಹಳೆಯ ಕೈ ಮರಳಿ ಬಂದಿದೆಯಂತೆ. ಇನ್ನೊಂದು ಬೇಕಂತೆ. ಭಾವ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸಕ್ಸೇನಾ, ಹಾಗಾದರೆ ನಿಮ್ಮ ಬೇಟಿಯೇ ಬರೆಯಲಿ, ಹೆಸರು ನಿಮ್ಮದೇ ಇರಲಿ, ಓದುಗರಿಗೆ ಏನು ತಿಳಿಯುತ್ತದೆ ಎಂದ. ಅವಳ ಹೆಸರು ಹಾಕುವುದಾದರೆ ಅವಳನ್ನೇ ಕೇಳಿ ಎಂದು ಭಾವ ಫೋನ್ ಕೊಟ್ಟರು. ಚೈತ್ರಾ ಬೇಡ ಎಂದಳು. ಅಲ್ಲಿಗೆ ದೆವ್ವದ ಸೀರೀಸ್ ಮುಗಿಯಿತು. ಈಗ ಸೂಪರ್ ಹೀರೋನ ಎರಡನೆಯ ಭಾಗ ಬರುತ್ತಿದೆಯಂತೆ. ಬರಲಿ ಪಾಪ.

ಬಾವಿಯ ಆ ಒಂದು ಪುಟವನ್ನಾದರೂ ಮತ್ತೆ ಬರೆಯಿರಿ, ನನಗಾಗಿ, ಎಂದು ಚೈತ್ರಾ ಅಪ್ಪನಿಗೆ ದುಂಬಾಲು ಬಿದ್ದಳು. ಭಾವ ಕೂತರು. ಆದರೆ ಅಷ್ಟರಲ್ಲಿ ಡಾಕ್ಟರು ಮಾತ್ರೆ ಹೆಚ್ಚಿಸಿದ್ದರು. ನಡುಕ ತಗ್ಗಿತ್ತು. ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಿದ್ದರು, ಚಮಚದಲ್ಲಿ ಸಾರು ನಿಲ್ಲುತ್ತಿತ್ತು. ಬೆರಳು ಮಾತ್ರ ಬಿಗಿದುಕೊಂಡಿತ್ತು. ಮುಖ ಬರುತ್ತಿತ್ತು, ಇರುವೆಯಷ್ಟು ಚಿಕ್ಕದಾಗಿ, ಜೀವವಿಲ್ಲದೆ. ಹಳೆಯ ಗೆರೆಯೂ ಅಲ್ಲ, ಆ ಗೆರೆಯೂ ಅಲ್ಲ.

ಭಾವ ಯಾರಿಗೂ ಹೇಳದೆ ಮಾತ್ರೆ ಬಿಟ್ಟರು.

ಅಕ್ಕನಿಗೆ ಅದು ಗೊತ್ತಾದದ್ದು ಒಂದು ಬೆಳಗ್ಗೆ. ಭಾವ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಹೊಸ್ತಿಲು ದಾಟಲು ಕಾಲು ಏಳುತ್ತಿರಲಿಲ್ಲ. ನೆಲಕ್ಕೆ ಅಂಟಿದ ಹಾಗೆ. ಕೈ ಎಷ್ಟು ಹೊಡೆದುಕೊಂಡಿತ್ತೆಂದರೆ ಒಳಗೆ ಮೇಜಿನ ಮೇಲಿದ್ದ ಪೆನ್ಸಿಲುಗಳೆಲ್ಲ ನೆಲದಲ್ಲಿದ್ದವು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅಕ್ಕ ಎರಡೂ ಕೈ ಹಿಡಿದು, ಮಗುವಿಗೆ ನಡೆಯಲು ಕಲಿಸುವ ಹಾಗೆ, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಎನ್ನುತ್ತಾ ಈಚೆಗೆ ಕರೆತಂದಳು.

"ಬಂತಾ ಆ ಚಿತ್ರ?" ಎಂದು ಕೇಳಿದಳಂತೆ. ಸಿಟ್ಟಿನಿಂದಲೇ ಕೇಳಿದ್ದು, ಆದರೆ ಕೇಳಿದಳು.

"ಇಲ್ಲ. ಇದು ಬೇರೆ ನಡುಕ" ಎಂದರಂತೆ ಭಾವ.

ಅವತ್ತಿನಿಂದ ಮಾತ್ರೆ ತಪ್ಪಿಸಿಲ್ಲ. ಪೆನ್ಸಿಲ್ ಮುಟ್ಟಿಲ್ಲ. ಮೇಜಿನ ಮೇಲೆ ಈಗ ಚೈತ್ರಾಳ ಕಂಪ್ಯೂಟರ್ ಇದೆ.

ಅವಳು ನೋಯ್ಡಾಗೆ ಹೋಗುತ್ತಾಳೆ, ಬರುತ್ತಾಳೆ. ಕರಡಿ, ಬಾತುಕೋಳಿ. "ಚಿಕ್ಕಮ್ಮಾ, ಕೆಲವು ಸಲ ಯಾರದೋ ಗೆರೆ ಸೊಟ್ಟ ಇರುತ್ತೆ. ನೇರ ಮಾಡೋಕೆ ಮುಂಚೆ ಕೈ ನಿಲ್ಲುತ್ತೆ. ಜಾನ್‌ಬೂಝ್‌ಕರ್, ಬೇಕಂತಲೇ ಹಾಗೆ ಬರೆದಿದಾರೇನೋ ಅಂತ. ಪೂಛೂಂ ಕಿಸ್‌ಸೇ? ಯಾರನ್ನ ಕೇಳಲಿ? ಬರೆದವರು ಎಲ್ಲೋ ಇರ್ತಾರೆ" ಎಂದಳು ಮೊನ್ನೆ. ನೀನು ಪ್ರೀತಿಯಿಂದ ಮಾಡಿದ್ದು ಎಂದು ಹೇಳಿದೆ. ಅದು ಅವಳಿಗೂ ಗೊತ್ತು. ಅದರಿಂದ ಪುಟಗಳು ವಾಪಸು ಬರುವುದಿಲ್ಲವಲ್ಲ.

ಕಳೆದ ಭಾನುವಾರ ನಾನು ಇಂದಿರಾಪುರಂಗೆ ಹೋಗಿದ್ದೆ. ವಾರವಿಡೀ ಮಂಜು ಕವಿದು, ಅವತ್ತು ಹೇಗೋ ಬಿಸಿಲು ಬಿದ್ದಿತ್ತು. ಊಟವಾಗಿತ್ತು. ಅಕ್ಕ ತಟ್ಟೆ ಎತ್ತುತ್ತಿದ್ದಳು. ಭಾವ ಬಾಲ್ಕನಿಯ ಬಾಗಿಲ ಹತ್ತಿರ ನಿಂತು ನಮ್ಮ ಕಡೆ ತಿರುಗಿದರು. ಈಗೀಗ ಅವರ ಮಾತೂ ನಿಧಾನ. ಶಬ್ದ ಬಾಯಿಗೆ ಬರಲು ಸಮಯ ತೆಗೆದುಕೊಳ್ಳುತ್ತದೆ.

"ಇಲ್ಲಿ ಸ್ವಲ್ಪ..." ಎಂದರು.

"ಕುರ್ಚಿ ಬೇಕಾ?" ಎಂದಳು ಅಕ್ಕ.

"ಶಾಲ್ ತರ್ಲಾ ಪಾಪಾ?" ಎಂದಳು ಚೈತ್ರಾ.

ನಾನು ಆಗಲೇ ಅವರ ತೋಳು ಹಿಡಿದಾಗಿತ್ತು.

ಭಾವ ಬಾಯಿ ಮುಚ್ಚಿದರು. ಅಕ್ಕ ಕುರ್ಚಿ ಎಳೆದು ತಂದು ಹಾಕಿದಳು, ಚೈತ್ರಾ ಶಾಲು ಹೊದಿಸಿದಳು. ನಾನು ಕೂರಿಸಿದೆ. ಕಾಲಿಗೆ ಇನ್ನೊಂದು ಶಾಲು, ಬೆನ್ನಿಗೆ ದಿಂಬು, ಮಾತ್ರೆ ಆಯಿತಾ, ನೀರು ಬೇಕಾ. ನಾವು ಮೂವರೂ ಸುತ್ತ ಓಡಾಡಿ ಮುಗಿಸುವ ತನಕ ಅವರು ಸುಮ್ಮನೆ ಕೂತಿದ್ದರು. ಎದುರಿನ ಟವರಿನ ನೆರಳು ಬಾಲ್ಕನಿಯ ಕಂಬಿ ದಾಟಿ ಒಳಗೆ ಬಂತು.

ಆಗ ಅವರ ಮಾತು ಬಂತು.

"ಇಲ್ಲಿ ಸ್ವಲ್ಪ ಬಿಸಿಲಿದೆ, ನೀವೂ ಬಂದು ಕೂತ್ಕೊಳ್ಳಿ ಅನ್ನೋಣ ಅಂತಿದ್ದೆ."

ಒಬ್ಬ ಮನುಷ್ಯನ ಒಂದು ವಾಕ್ಯ ಮುಗಿಯುವ ತನಕ ಕಾಯಲು ಆಗದಷ್ಟು ಅವಸರ ನಮಗೆ ಏನಿತ್ತು?